ಆಕೆಯ ರಿಪೋರ್ಟು ಆಕೆಯ ಕೈಗೇ ಕೊಡಿ

ಮನೆಯ ಹೆಣ್ಣುಮಗಳೊಬ್ಬಳ ಎದೆಯಲ್ಲಿ ಗಂಟು ಸಿಕ್ಕಿದೆ ಎಂದು ಆಸ್ಪತ್ರೆಗೆ ಅಲೆಯುತ್ತಿರುವ ಗಂಡಂದಿರಿಗೆ, ಗಂಡುಮಕ್ಕಳಿಗೆ, ಅಣ್ಣತಮ್ಮಂದಿರಿಗೆ,



ಈ ಪತ್ರವನ್ನು ಹೆಂಗಸರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಸ್ತನ ಕ್ಯಾನ್ಸರ್ ಕುರಿತ ಕರಪತ್ರ, ಭಾಷಣ, ಅಕ್ಟೋಬರ್ ತಿಂಗಳ ಗುಲಾಬಿ ರಿಬ್ಬನ್ನಿನ ಕಾರ್ಯಕ್ರಮ ಎಲ್ಲವೂ ಹೆಂಗಸರನ್ನು ಕೂರಿಸಿಕೊಂಡು ಮಾತಾಡುತ್ತವೆ. ಆದರೆ ಗಂಟು ಸಿಕ್ಕ ಮೇಲೆ ನಡೆಯುವುದೆಲ್ಲ ನಿಮ್ಮ ಕೈಯಲ್ಲಿದೆ. ಲ್ಯಾಬಿನ ಕೌಂಟರಿನಲ್ಲಿ ರಿಪೋರ್ಟು ಈಸಿಕೊಳ್ಳುವವರು ನೀವು, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರುವವರು ನೀವು. ಯಾವ ಊರಿಗೆ ಹೋಗುವುದು, ಎಷ್ಟು ಸಾಲ ಎತ್ತುವುದು, ಯಾರಿಗೆ ಹೇಳುವುದು, ಯಾರಿಗೆ ಮುಚ್ಚಿಡುವುದು ಎಂದು ತೀರ್ಮಾನಿಸುವವರೂ ಬಹುಪಾಲು ನೀವೇ. ಕ್ಯಾನ್ಸರ್ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ಹಲವು ವರ್ಷ ಕೆಲಸ ಮಾಡಿದವಳು ನಾನು. ಹೆಂಡತಿಯ ಚಿಕಿತ್ಸೆಗೆ ಹೊಲ ಮಾರಿದವರನ್ನು, ಕಾರಿಡಾರಿನ ನೆಲದ ಮೇಲೆ ಪೇಪರ್ ಹಾಸಿಕೊಂಡು ರಾತ್ರಿಗಳನ್ನು ಕಳೆದವರನ್ನು, ತಾಯಿಗೆ ತುತ್ತು ಮಾಡಿ ಉಣ್ಣಿಸಿದ ಮೀಸೆ ಮೂಡದ ಹುಡುಗರನ್ನು ನೋಡಿದ್ದೇನೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಪ್ರೀತಿಯ ಹೆಸರಿನಲ್ಲಿ ನೀವು ಮಾಡುವ ಒಂದು ಕೆಲಸದ ಬಗ್ಗೆ ಮಾತ್ರ ನನ್ನ ತಕರಾರಿದೆ.

"ಅವಳಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ."

ಈ ಮಾತನ್ನು ಕೇಳದೆ ಒಂದು ವಾರವೂ ಕಳೆದದ್ದು ನನಗೆ ನೆನಪಿಲ್ಲ. ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ಇಂಜಿನಿಯರ್ ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ, ಅಷ್ಟೇ ವ್ಯತ್ಯಾಸ. ಹೇಳುವಾಗ ದನಿ ತಗ್ಗಿರುತ್ತದೆ, ಕಣ್ಣು ಬಾಗಿಲ ಕಡೆ ಇರುತ್ತದೆ. ಬಾಗಿಲಾಚೆ ಬೆಂಚಿನ ಮೇಲೆ ಆಕೆ ಕೂತಿರುತ್ತಾಳೆ.

ಹಾವೇರಿ ಕಡೆಯ ಒಬ್ಬ ರೈತರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರು ಬಯಾಪ್ಸಿ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡಿದ್ದರು. ಹೆಂಡತಿಗೆ "ಹಾಲಿನ ಗಂಟು, ಸಣ್ಣ ಆಪರೇಷನ್" ಎಂದು ಹೇಳಿದ್ದರು. ಅವರು ಬಿಲ್ ಕಟ್ಟಲು ಹೋದಾಗ ಆ ತಾಯಿ ನನ್ನನ್ನು ಹತ್ತಿರ ಕರೆದರು. "ಇಲ್ಲಿ ಕುಂತವ್ರೆಲ್ಲ ತಲಿಗೆ ಬಟ್ಟಿ ಕಟ್ಕೊಂಡಾರ್ರೀ ಮೇಡಂ. ನನಗ ಮೊದಲ ದಿನಾನ ಗೊತ್ತಾತು. ಆದ್ರ ನನಗ ಗೊತ್ತೈತಿ ಅಂತ ಅವ್ರ ಮುಂದ ಹೇಳಬ್ಯಾಡ್ರಿ. ಪಾಪ, ಭಾಳ ಹೆದರ್ಯಾರ."

ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂಟಿಯಾಗಿದ್ದರು. ಒಂದೇ ಕೋಣೆಯಲ್ಲಿ ಮಲಗಿ, ಇಬ್ಬರೂ ನಿದ್ದೆ ಬಂದಂತೆ ನಟಿಸುತ್ತಿದ್ದರು. ಆಕೆ ಕೇಳಬೇಕೆಂದಿದ್ದ ಪ್ರಶ್ನೆಗಳು ತೀರ ಸರಳವಾದವು. ಮಗಳ ಪಿಯುಸಿ ಪರೀಕ್ಷೆ ಮುಗಿಯುವುದರೊಳಗೆ ಆಪರೇಷನ್ ಆಗುತ್ತದೆಯೇ? ಎಮ್ಮೆ ಕರೆಯಲು ಆ ಕೈಯಲ್ಲಿ ಮತ್ತೆ ಶಕ್ತಿ ಬರುತ್ತದೆಯೇ? ಗೊತ್ತಿಲ್ಲದವಳಂತೆ ಇರಬೇಕಾದವಳು ಇದನ್ನೆಲ್ಲ ಯಾರನ್ನು ಕೇಳಬೇಕು? ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಳಜೇಬಿನ ಕಾಗದವನ್ನು ಹೊರಗೆ ತೆಗೆಸಿದೆವು. ಅತ್ತರು, ಇಬ್ಬರೂ. ಕಾಲು ಗಂಟೆಯೂ ಕಳೆದಿರಲಿಕ್ಕಿಲ್ಲ, ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಡಾಕ್ಟರನ್ನು ಮೊದಲ ಪ್ರಶ್ನೆ ಕೇಳಿದರು. ತಡೆದುಕೊಳ್ಳುವುದಿಲ್ಲ ಎಂದು ನೀವು ಅಂದುಕೊಂಡಿದ್ದ ಹೆಂಗಸರಲ್ಲಿ ಬಹಳ ಮಂದಿ ಹೀಗೆಯೇ ತಡೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಯವಿಟ್ಟು ಆಕೆಗೆ ಹೇಳಿ. ನಿಮ್ಮಿಂದಾಗದಿದ್ದರೆ ಡಾಕ್ಟರಿಗೆ ಹೇಳಲು ಬಿಡಿ, ನೀವು ಪಕ್ಕದಲ್ಲಿ ಕೂತಿರಿ. ಕ್ಯಾನ್ಸರ್ ಎಂಬ ಹೆಸರನ್ನೇ ಹೇಳಿ. ಒಂದೇ ದಿನ ಎಲ್ಲವನ್ನೂ ಹೇಳಬೇಕಾಗಿಲ್ಲ. ಎಷ್ಟು ತಿಳಿಯಬೇಕೆಂದು ಆಕೆಯನ್ನೇ ಕೇಳಿ, ಅಷ್ಟು ಹೇಳಿ, ಆಮೇಲೆ ಸುಮ್ಮನಿರಿ. "ಏನೂ ಆಗಲ್ಲ, ಧೈರ್ಯವಾಗಿರು" ಎಂದು ತಕ್ಷಣ ಬಾಯಿ ಮುಚ್ಚಿಸಬೇಡಿ, ಅಳಲು ಬಿಡಿ. ಕೆಲವರು ಎಲ್ಲ ಕೇಳಿಸಿಕೊಂಡು "ನನಗಿದೆಲ್ಲ ಬೇಡ, ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಅದನ್ನೂ ಗೌರವಿಸಬೇಕು, ಏಕೆಂದರೆ ಅದು ಆಕೆ ತೆಗೆದುಕೊಂಡ ತೀರ್ಮಾನ. ಕೇಳದೆಯೇ ನೀವು ಆಕೆಯ ಪರವಾಗಿ ತೆಗೆದುಕೊಂಡದ್ದಲ್ಲ.

ಕಾನೂನೂ ಇದೇ ದಿಕ್ಕಿನಲ್ಲಿದೆ. 2008ರ ಸಮೀರಾ ಕೊಹ್ಲಿ ಪ್ರಕರಣ ವೈದ್ಯರಿಗೆಲ್ಲ ಗೊತ್ತು, ಮನೆಯವರಿಗೆ ಗೊತ್ತಿರುವುದಿಲ್ಲ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಕೇಳಿ ತೆಗೆದುಹಾಕಲಾಗಿತ್ತು. ರೋಗಿ ವಯಸ್ಕಳಾಗಿದ್ದು ತೀರ್ಮಾನ ಹೇಳುವ ಸ್ಥಿತಿಯಲ್ಲಿ ಇರಬಲ್ಲವಳಾದರೆ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಒಪ್ಪಿಗೆಯಲ್ಲ, ಪ್ರಾಣಕ್ಕೆ ತಕ್ಷಣದ ಅಪಾಯವಿದ್ದಾಗ ಮಾತ್ರ ವಿನಾಯಿತಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಗಂಡನ ಸಹಿಗೂ ಅದೇ ಮಾತು ಅನ್ವಯಿಸುತ್ತದೆ.

ಕಾನೂನಿಗಿಂತ ದೊಡ್ಡ ಕಾರಣಗಳು ಚಿಕಿತ್ಸೆಯೊಳಗೇ ಇವೆ. ಸ್ತನವನ್ನು ಪೂರ್ತಿ ತೆಗೆಯುವುದೋ, ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆಯುವುದೋ ಎಂಬ ಪ್ರಶ್ನೆಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಸ್ತನದ ಜತೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿ ತಂದರು. ಮುಂದೆ ಎಪ್ಪತ್ತು ಎಂಬತ್ತು ವರ್ಷ ಜಗತ್ತು ಅದನ್ನೇ ನಂಬಿತ್ತು. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಇಬ್ಬರ ಅಧ್ಯಯನಗಳ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗಂಟನ್ನಷ್ಟೇ ತೆಗೆಸಿಕೊಂಡು ರೇಡಿಯೇಷನ್ ಪಡೆದವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಒಂದೇ ಆಗಿತ್ತು. ಅಂದರೆ ಗಂಟು ಚಿಕ್ಕದಿದ್ದು ಒಂದೇ ಕಡೆ ಇದ್ದರೆ ಅನೇಕ ಹೆಂಗಸರಿಗೆ ಆಯ್ಕೆ ಇದೆ. "ಪೂರ್ತಿ ತೆಗೆದುಬಿಡಿ, ರಗಳೆ ಬೇಡ" ಎಂದು ಹೊರಗೆ ನಿಂತ ಮೈದುನ ಹೇಳಿಬಿಡುವ ವಿಷಯವಲ್ಲ ಇದು. ರೇಡಿಯೇಷನ್‌ಗೆ ವಾರಗಟ್ಟಲೆ ಊರು ಬಿಟ್ಟಿರಲಾರೆ ಎಂದು ಪೂರ್ತಿ ತೆಗೆಸಿಕೊಂಡವರಿದ್ದಾರೆ. ಮನಸ್ಸಿನ ನೆಮ್ಮದಿಗೆ ಹಾಗೆ ಮಾಡಿದವರಿದ್ದಾರೆ. ಸ್ತನ ಉಳಿಯಲಿ ಎಂದು ಅರವತ್ತು ದಾಟಿದವರೂ ಬಯಸಿದ್ದಾರೆ. "ಈ ವಯಸ್ಸಿಗೆ ಅದ್ಯಾಕೆ" ಎಂದು ಮಗ ಕೇಳಬಾರದು.

ಕೀಮೊ ಔಷಧಿಗಳಿಂದ ಅಂಡಾಶಯಕ್ಕೆ ಧಕ್ಕೆಯಾಗಬಹುದು. ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಗಳು ಅದನ್ನು ಮೊದಲ ಕೀಮೊಗೆ ಮುಂಚೆಯೇ ಡಾಕ್ಟರಲ್ಲಿ ಮಾತಾಡಬೇಕು, ಆಮೇಲೆ ಮಾತಾಡಿ ಪ್ರಯೋಜನ ಕಡಿಮೆ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ಆಸುಪಾಸಿನಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಮೂವತ್ತರ ಹರೆಯದವರೂ ಬರುತ್ತಾರೆ. ಹೀಗಾಗಿ ಈ ಪ್ರಶ್ನೆ ಅಪರೂಪದ್ದೇನಲ್ಲ.

ಇನ್ನು ಟ್ಯಾಮಾಕ್ಸಿಫೆನ್. ಹಾರ್ಮೋನಿಗೆ ಸ್ಪಂದಿಸುವ ಜಾತಿಯ ಕ್ಯಾನ್ಸರಿದ್ದವರು ಇದನ್ನೋ, ಮುಟ್ಟು ನಿಂತವರಾದರೆ ಲೆಟ್ರೊಜೋಲ್‌ನಂಥ ಮಾತ್ರೆಯನ್ನೋ ದಿನಕ್ಕೊಂದರಂತೆ ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಮಾತ್ರೆ ದುಬಾರಿಯೇನಲ್ಲ. ಆದರೆ ಮೈ ಬಿಸಿಯೇರುತ್ತದೆ, ಕೀಲು ನೋಯುತ್ತದೆ, ಮನಸ್ಸು ಮಂಕಾಗುತ್ತದೆ. ಕಾಯಿಲೆ ಮರಳದಂತೆ ತಡೆಯುವ ಔಷಧಿ ಇದು ಎಂದು ಗೊತ್ತಿರುವ ಹೆಂಗಸು ಕಷ್ಟಪಟ್ಟಾದರೂ ನುಂಗುತ್ತಾಳೆ. "ಗಂಟಿನ ಮಾತ್ರೆ" ಎಂದಷ್ಟೇ ಹೇಳಿಸಿಕೊಂಡವಳು ಗಂಟು ಹೋಯಿತಲ್ಲ ಎಂದು ಎರಡನೆಯ ವರ್ಷಕ್ಕೇ ನಿಲ್ಲಿಸುತ್ತಾಳೆ. ಹಾಗೆ ನಿಲ್ಲಿಸಿ, ಬೆನ್ನುಮೂಳೆಯ ನೋವೆಂದು ತಿರುಗಿ ಬಂದ ಒಬ್ಬರನ್ನು ನಾನು ಮರೆಯಲಾರೆ. ಅವರಿಗೆ ಯಾರೂ ನಿಜ ಹೇಳಿರಲಿಲ್ಲ.

ಈಗ ತಡಮಾಡುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98,000 ಮಂದಿ ಅದರಿಂದ ತೀರಿಕೊಂಡರು. ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು ಆಸ್ಪತ್ರೆ ಮುಟ್ಟುವಾಗ ಕಾಯಿಲೆ ಮೂರನೆಯ ಇಲ್ಲವೇ ನಾಲ್ಕನೆಯ ಹಂತದಲ್ಲಿರುತ್ತದೆ. ಆರಂಭದ ಗಂಟು ನೋಯುವುದಿಲ್ಲ. ನೋವಿಲ್ಲ ಎಂದೇ ಆಕೆ ಸುಮ್ಮನಿರುತ್ತಾಳೆ. ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಎನ್ನುತ್ತಾಳೆ. ಮೊಲೆತೊಟ್ಟು ಒಳಗೆ ಸೇದಿಕೊಂಡಿದ್ದರೆ, ಅದರಿಂದ ರಕ್ತ ಒಸರುತ್ತಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿದ್ದರೆ, ಕಂಕುಳಲ್ಲಿ ಗಂಟು ಸಿಕ್ಕರೆ, ದಯವಿಟ್ಟು ಆ ವಾರವೇ ಕರೆದುಕೊಂಡು ಹೋಗಿ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ ಎಂಬುದೂ ನಿಜ. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. ನೆರೆಮನೆಯವರಲ್ಲ, ನಾಟಿ ವೈದ್ಯರೂ ಅಲ್ಲ.

ಪರೀಕ್ಷೆಯೆಂದರೆ ಮ್ಯಾಮೊಗ್ರಾಮ್ ಅಥವಾ ಅಲ್ಟ್ರಾಸೌಂಡ್, ಜತೆಗೆ ಸೂಜಿಯ ಬಯಾಪ್ಸಿ. "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಮಾತು ನಮ್ಮ ಊರುಗಳಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆ ಎಂದರೆ, ಅದೊಂದು ಮಾತಿನಿಂದಲೇ ಆರಾರು ತಿಂಗಳು ಕಳೆದುಕೊಂಡವರನ್ನು ಕಂಡಿದ್ದೇನೆ. ಬಯಾಪ್ಸಿಯಿಂದ ಕಾಯಿಲೆ ಹರಡುವುದಿಲ್ಲ. ಬಯಾಪ್ಸಿಗೆ ಹೆದರಿ ಮನೆಯಲ್ಲಿ ಕೂತ ತಿಂಗಳುಗಳಲ್ಲಿ ಹರಡುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಆತುರವೂ ಇದೆ: ಬಯಾಪ್ಸಿಯೇ ಇಲ್ಲದೆ ಊರಿನ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಗಂಟು ಕೊಯ್ಯಿಸಿಬಿಡುವುದು. ಆಮೇಲೆ ಕ್ಯಾನ್ಸರ್ ಎಂದು ಗೊತ್ತಾದರೆ ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ, ಸ್ತನ ಉಳಿಸುವ ಅವಕಾಶವೂ ಕೈತಪ್ಪಬಹುದು. ಮೊದಲು ಬಯಾಪ್ಸಿ, ಆಮೇಲೆ ಕತ್ತಿ. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ರೋಗ ಖಚಿತವಾದ ದಿನವೇ ಆಕಾಶ ತಲೆಮೇಲೆ ಬಿದ್ದವರಂತೆ ಓಡಬೇಕಾಗಿಯೂ ಇಲ್ಲ. ಪರೀಕ್ಷೆಗಳನ್ನು ಮುಗಿಸಿ, ಒಬ್ಬರಲ್ಲ ಇಬ್ಬರು ತಜ್ಞರ ಮಾತು ಕೇಳಿ ತೀರ್ಮಾನಿಸಲು ಎರಡು ಮೂರು ವಾರ ಹಿಡಿದರೆ ಸಾಮಾನ್ಯವಾಗಿ ಹಾನಿಯಿಲ್ಲ. ಎರಡು ಮೂರು ತಿಂಗಳಾಗಬಾರದು. ಆ ವಾರಗಳಲ್ಲಿ ಕೇಳಿ ಪಡೆಯಬೇಕಾದದ್ದು ಐಎಚ್‌ಸಿ ರಿಪೋರ್ಟು. ಇಆರ್, ಪಿಆರ್, ಹರ್‌-2 ಎಂಬ ಮೂರು ಹೆಸರು ಅದರಲ್ಲಿರುತ್ತವೆ. ಮೊದಲಿನ ಎರಡರಲ್ಲಿ ಒಂದಾದರೂ ಪಾಸಿಟಿವ್ ಇದ್ದರೆ ನಾನು ಮೇಲೆ ಹೇಳಿದ ಮಾತ್ರೆ ಕೆಲಸ ಮಾಡುತ್ತದೆ. ಹರ್‌-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಒಂದು ಕಾಲದಲ್ಲಿ ಮಧ್ಯಮ ವರ್ಗದವರೂ ಅದರ ಬೆಲೆ ಕೇಳಿ ವಾಪಸು ಹೋಗುತ್ತಿದ್ದರು. 2013ರಲ್ಲಿ ಬೆಂಗಳೂರಿನದೇ ಆದ ಬಯೋಕಾನ್ ಕಂಪನಿಯ ಟ್ರಾಸ್ಟುಜುಮ್ಯಾಬ್‌ಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಬೇರೆ ಕಂಪನಿಗಳೂ ಬಂದು ಬೆಲೆ ಇಳಿಯಿತು. ಮೂರೂ ನೆಗೆಟಿವ್ ಎಂದರೆ ಹತಾಶರಾಗಬೇಡಿ. ಆ ಜಾತಿಗೆ ಕೀಮೊ ಮುಖ್ಯ ಅಸ್ತ್ರ, ಅದಕ್ಕೆ ಚೆನ್ನಾಗಿ ಕರಗುವ ಗಂಟುಗಳೂ ಬಹಳ. ಗಂಟು ದೊಡ್ಡದಿದ್ದರೆ ಆಪರೇಷನ್ನಿಗೆ ಮೊದಲೇ ಕೀಮೊ ಕೊಡುತ್ತಾರೆ. "ಆಪರೇಷನ್ ಮಾಡದೆ ಸುಮ್ಮನೆ ಔಷಧಿ ಹಾಕುತ್ತಿದ್ದಾರೆ" ಎಂದು ಜಗಳ ತೆಗೆದು ಆಸ್ಪತ್ರೆ ಬದಲಿಸಿದ ಮನೆಯವರಿದ್ದಾರೆ, ಅದಕ್ಕಾಗಿ ಹೇಳಿದೆ.

ಬಯಾಪ್ಸಿಯ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಬೆರಳಗಲದ ಬಿಲ್ಲೆಯಾಗಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಆ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದುಕೊಂಡು ಹೋಗಿ. ಇಲ್ಲದಿದ್ದರೆ ಹೊಸಬರು ಮತ್ತೆ ಸೂಜಿ ಹಾಕಬೇಕಾಗಬಹುದು, ಅಥವಾ ಬ್ಲಾಕ್ ತರಲೆಂದು ನೀವೇ ಇನ್ನೊಂದು ಸಲ ಬಸ್ಸು ಹತ್ತಬೇಕಾಗಬಹುದು. ಬಿಸಿಲು ತಾಗುವ ಜಾಗದಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ದುಡ್ಡಿನ ವಿಷಯ ಸಂಕೋಚವಿಲ್ಲದೆ ಮಾತಾಡೋಣ. ಮೊದಲ ವಾರವೇ ಹೊಲ ಮಾರಬೇಡಿ, ಬಡ್ಡಿ ಸಾಲಕ್ಕೆ ಸಹಿ ಹಾಕಬೇಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಸೇರುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಂಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಕೇಳಿಕೊಳ್ಳಿ. ಆಮೇಲೆ ಕಾಗದ ಹೊಂದಿಸಲು ಹೋದರೆ ಕೈಯಿಂದ ಕಟ್ಟಿದ ದುಡ್ಡು ವಾಪಸು ಬರುವುದು ಕಷ್ಟ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಬಡವರ ಪಾಲಿಗೆ ಇರುವ ಸಂಸ್ಥೆ. ಆದರೆ ಪ್ರತಿಯೊಂದಕ್ಕೂ ಬೆಂಗಳೂರಿಗೇ ಬರಬೇಕೆಂದಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಬರುವ ಕೀಮೊಗೆ ಹತ್ತಿರದ ಜಾಗವೇ ಲೇಸು. ರೇಡಿಯೇಷನ್, ಅಂದರೆ ನಮ್ಮವರು ಕರೆಂಟ್ ಕೊಡುವುದು ಎನ್ನುತ್ತಾರಲ್ಲ ಅದು, ಮೊದಲು ಐದು ವಾರ ಹಿಡಿಯುತ್ತಿತ್ತು, ಈಗ ಅನೇಕರಿಗೆ ಮೂರು ವಾರದಲ್ಲಿ ಮುಗಿಯುತ್ತದೆ. ನಿಮ್ಮವರಿಗೆ ಎಷ್ಟು ವಾರ ಎಂದು ಕೇಳಿ, ತಂಗಲು ಧರ್ಮಶಾಲೆ ಇದೆಯೇ ಎಂದೂ ಕೇಳಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ಅದಕ್ಕೊಂದು ಪ್ರಮಾಣಪತ್ರ ಬೇಕು, ಅಷ್ಟೆ. ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಸರ್ಕಾರಿ ಸಾಮಾನ್ಯ ಬಸ್ಸೂ ಉಚಿತ. ಆದರೆ ಕೀಮೊ ಮುಗಿಸಿದ ದಿನ ನಿಂತುಕೊಂಡು ಬರುವ ಬಸ್ಸಿನಲ್ಲಿ ಕರೆತರಬೇಡಿ.

ಮನೆಗೆ ಬಂದ ಮೇಲಿನ ದಿನಗಳಲ್ಲಿ ನಿಮ್ಮಿಂದ ಆಗಬೇಕಾದ ಕೆಲಸ ಹೆಚ್ಚು. ಕೀಮೊ ಆದ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣಗಳು ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಕ್ರೋಸಿನ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ, ನೋಡುವುದನ್ನು ನೀವೇ ಕಲಿಯಿರಿ. ಕೆಂಪು ಬಣ್ಣದ ಔಷಧಿ ಹಾಕಿದ್ದರೆ ಒಂದು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ. ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗುತ್ತದೆ, ದಿಂಬಿನ ಮೇಲೆ, ಬಚ್ಚಲಿನಲ್ಲಿ, ಅನ್ನದ ತಟ್ಟೆಯಲ್ಲಿ. ಇದು ಮೊದಲೇ ಗೊತ್ತಿದ್ದರೆ ಆಕೆ ತನಗೆ ಬೇಕಾದ ದಿನ ಚಿಕ್ಕದಾಗಿ ಕತ್ತರಿಸಿಕೊಳ್ಳಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಬದಿಯ ಕೈ ಊದಿಕೊಳ್ಳದಂತೆ ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಬೇಕು, ತುಂಬಿದ ಕೊಡ ಎತ್ತುವ ಕೆಲಸ ನಿಮಗೆ ಬರಬೇಕು. ಪೌಷ್ಟಿಕ ಊಟ ಬೇಕು. ಮೊಟ್ಟೆ, ಬೇಳೆ, ಮೊಸರು, ಮೊಳಕೆ ಕಾಳಿನ ಬೇಯಿಸಿದ ಪಲ್ಯ, ಮನೆಯಲ್ಲಿ ಏನು ಒಗ್ಗುತ್ತದೋ ಅದು. ವಾಟ್ಸಾಪಿನಲ್ಲಿ ಬಂದ ಪಥ್ಯದ ಪಟ್ಟಿ ಬೇಡ. ಲಕ್ಷ್ಮಣಫಲವೋ ಗೋಮೂತ್ರವೋ ಎಂದು ಯಾರೋ ಹೇಳಿದ್ದನ್ನು ಡಾಕ್ಟರಿಗೆ ತಿಳಿಸದೆ ಕುಡಿಸಬೇಡಿ. ಚಿಕಿತ್ಸೆ ನಿಲ್ಲಿಸಿ ಅದನ್ನೇ ನಂಬಿಕೊಳ್ಳುವುದಂತೂ ಬೇಡವೇ ಬೇಡ.

ಈ ಕಾಯಿಲೆ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ, ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡದ ಮನೆಗಳೂ ಇವೆ. ಮಗುವಿಗೆ ಹಾಲು ಕುಡಿಸದೆ ಬಂತು, ಬಿಗಿ ಕುಪ್ಪಸದಿಂದ ಬಂತು, ಹಿಂದಿನ ಜನ್ಮದ ಪಾಪ ಎಂದು ಅಡುಗೆಮನೆಯಲ್ಲಿ ಆಡಿಕೊಳ್ಳುವ ಮಾತು ಆಕೆಯ ಕಿವಿಗೆ ಬಿದ್ದೇ ಬೀಳುತ್ತದೆ. ನಿಮ್ಮ ತಾಯಿಯೇ ಆಡಿದರೂ ಅಲ್ಲಿಯೇ ನಿಲ್ಲಿಸಿ. ಅದು ನಿಮ್ಮಿಂದ ಮಾತ್ರ ಆಗುವ ಕೆಲಸ, ಸೊಸೆಯ ಬಾಯಿಂದ ಅದು ಜಗಳವಾಗುತ್ತದೆ.

ಗಂಡಂದಿರಿಗಷ್ಟೇ ಒಂದು ಮಾತು. ಆಪರೇಷನ್ ಆದ ಮೇಲೆ ಬ್ಯಾಂಡೇಜ್ ಬಿಚ್ಚುವ ದಿನ ನರ್ಸ್ ಬಂದಾಗ ಹೊರಗೆ ಹೋಗಬೇಡಿ. ಆಕೆ ಒಪ್ಪಿದರೆ ಅಲ್ಲೇ ಇರಿ, ಗಾಯವನ್ನು ನೋಡಿ, ಮುಖ ತಿರುಗಿಸಬೇಡಿ. ಗಂಡನ ಮುಖ ಹೇಗಾಯಿತು ಎಂಬುದನ್ನು ಹೆಂಗಸು ಜೀವಮಾನವಿಡೀ ಮರೆಯುವುದಿಲ್ಲ ಎಂದು ನನಗೆ ಎಷ್ಟೋ ಮಂದಿ ಹೇಳಿದ್ದಾರೆ. ಬ್ರಾ ಒಳಗಿಡುವ ಸಿಲಿಕೋನಿನ ಇಲ್ಲವೇ ಹತ್ತಿ ಬಟ್ಟೆಯ ಕೃತಕ ಸ್ತನಗಳು ಸಿಗುತ್ತವೆ. ಬೇಕೋ ಬೇಡವೋ ಆಕೆ ಹೇಳಲಿ. ದೇಹದ ಹತ್ತಿರಕ್ಕೆ ಮರಳುವುದಕ್ಕೆ ಸಮಯ ಬೇಕು, ಆದರೆ ಆ ಸಮಯವೆಲ್ಲ ಬೇರೆ ಕೋಣೆಯಲ್ಲಿ ಮಲಗಿ ಕಳೆಯುವುದು ಶಿಕ್ಷೆಯಂತೆ ಕಾಣುತ್ತದೆ. ಅಕ್ಕಪಕ್ಕ ಮಲಗಿ ಕೈ ಹಿಡಿದುಕೊಂಡರೂ ಸಾಕಾಗುವ ದಿನಗಳಿವೆ.

ಹೆಂಡತಿಯನ್ನು "ಚೇತರಿಸಿಕೊಂಡು ಬಾ" ಎಂದು ತವರಿಗೆ ಕಳಿಸಿ, ಆಮೇಲೆ ಕರೆತರಲು ಹೋಗದ ಗಂಡಂದಿರಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಮಾಡಿದ್ದು ಅನ್ಯಾಯ. ಬೇರೆ ಮೃದುವಾದ ಮಾತು ನನ್ನಲ್ಲಿಲ್ಲ. ಹೋಗಿ ಕರೆದುಕೊಂಡು ಬನ್ನಿ, ಆಕೆ ಬರಲು ಒಪ್ಪಿದರೆ.

ಎಲ್ಲರೂ ಗುಣವಾಗುವುದಿಲ್ಲ. ನಾಲ್ಕನೆಯ ಹಂತದಲ್ಲೂ ಔಷಧಿಗಳಿಂದ ವರ್ಷಗಟ್ಟಲೆ ಚೆನ್ನಾಗಿ ಬಾಳಿದವರಿದ್ದಾರೆ. ಆದರೂ ಒಂದು ದಿನ ಡಾಕ್ಟರು ಇನ್ನು ಕೀಮೊ ಬೇಡ ಎಂದಾರು. ನಿಜ ಹೇಳದೆ ಇದ್ದ ಮನೆಗಳಿಗೆ ಆಗ ಅತ್ಯಂತ ಕಷ್ಟವಾಗುತ್ತದೆ. ಆಕೆಗೆ ಯಾರನ್ನೋ ನೋಡಬೇಕಿರುತ್ತದೆ, ಒಡವೆ ಯಾವ ಮಗಳಿಗೆ ಎಂದು ಹೇಳಬೇಕಿರುತ್ತದೆ, ಆಸ್ಪತ್ರೆ ಸಾಕು ಮನೆಗೆ ಹೋಗೋಣ ಎನ್ನಬೇಕಿರುತ್ತದೆ. "ನಾಳೆ ಗುಣವಾಗುತ್ತೆ" ಎನ್ನುವವರ ಮುಂದೆ ಇದೊಂದನ್ನೂ ಆಡಲಾಗುವುದಿಲ್ಲ. ನೋವಿಗೆ ಮಾರ್ಫಿನ್ ಇದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದಕ್ಕೆ ಹೆದರಬೇಕಾಗಿಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಮನೆಗೇ ಬಂದು ನೋಡುವ ತಂಡವೂ ಅವರಲ್ಲಿದೆ. ಅಂಥ ಕಡೆ ಕರೆದೊಯ್ಯುವುದು ಕೈಬಿಟ್ಟಂತೆ ಎಂದು ದಯವಿಟ್ಟು ಭಾವಿಸಬೇಡಿ.

ಮನೆಯ ಉಳಿದ ಹೆಣ್ಣುಮಕ್ಕಳನ್ನು ಮರೆಯಬೇಡಿ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ವಂಶವಾಹಿಯಿಂದ ಬರುವಂಥವು. ಆದರೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಅಥವಾ ಒಂದೇ ಮನೆತನದಲ್ಲಿ ಹಲವರಿಗೆ ಸ್ತನದ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಬಿಆರ್‌ಸಿಎ ಎಂಬ ವಂಶವಾಹಿಗಳ ದೋಷದ ಪರೀಕ್ಷೆಯ ಬಗ್ಗೆ ಕೇಳಿ. ಆ ದೋಷ ತಂದೆಯ ಕಡೆಯಿಂದಲೂ ಮಗಳಿಗೆ ಬರುತ್ತದೆ, ಗಂಡಸರಿಗೂ ಅಪರೂಪಕ್ಕೆ ಸ್ತನ ಕ್ಯಾನ್ಸರ್ ಬರುತ್ತದೆ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದಲೇ ಕಾಯಿಲೆ ಮೊದಲಿನ ಹಂತಗಳಲ್ಲಿ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಯಂತ್ರವಲ್ಲ, ಕಲಿತ ಕೈ. ಮೂವತ್ತು ದಾಟಿದ ಹೆಂಗಸರಿಗೆ ಈ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಗಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಕ್ಕತಂಗಿಯರನ್ನು, ಅತ್ತಿಗೆಯರನ್ನು ನೀವೇ ಹೊರಡಿಸಿ.

ಓದುವ ಅಭ್ಯಾಸವಿರುವ ಮನೆಗಳಿಗೆ ಇನ್ನೊಂದು ಸಲಹೆ. ಸ್ತನ ಕ್ಯಾನ್ಸರ್ ಅನುಭವಿಸಿ ಹೊರಬಂದ ಭಾರತಿ ಬಿ.ವಿ. ಅವರು ಕನ್ನಡದಲ್ಲೇ ಬರೆದ 'ಸಾಸಿವೆ ತಂದವಳು' ಎಂಬ ಪುಸ್ತಕವಿದೆ. ಅದನ್ನು ಆಕೆಗೆ ಕೊಡುವ ಮೊದಲು ನೀವು ಓದಿ.

ನಿಮ್ಮಲ್ಲಿ ಯಾರದೋ ಒಳಜೇಬಿನಲ್ಲಿ, ಬೈಕಿನ ಸೀಟಿನಡಿ, ಮೊಬೈಲಿನ ಗುಟ್ಟಿನ ಫೋಲ್ಡರಿನಲ್ಲಿ ಈಗಲೂ ಒಂದು ರಿಪೋರ್ಟು ಇರಬಹುದು. ಇವತ್ತು ಮಕ್ಕಳು ಮಲಗಿದ ಮೇಲೆ ಅದನ್ನು ಆಕೆಗೆ ಕೊಡಿ. ಓದಲು ಬಾರದಿದ್ದರೆ ಓದಿ ಹೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ ಎದುರಿನ ಕುರ್ಚಿಯಲ್ಲಿ ಆಕೆ ಕೂರಲಿ, ಫೈಲು ಹಿಡಿದು ಪಕ್ಕದಲ್ಲಿ ನೀವು ನಿಂತಿರಿ. ಆಕೆಯ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಂದೂ ಬಿಡದಂತೆ ಕೇಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಆಪ್ತಸಮಾಲೋಚಕಿ, ಕ್ಯಾನ್ಸರ್ ವಿಭಾಗ
ದಾವಣಗೆರೆ